ಅಜ್ಜಿಯನ್ನು ಕೇಳಿ ಹೇಳ್ತೀನಿ

ಪ್ರೀತಿಯ ಮಕ್ಕಳೇ, ಈ ಪುಟವನ್ನು ಕನ್ನಡಕ ಏರಿಸಿಕೊಂಡು ಮೊಮ್ಮಕ್ಕಳಿಗೆ ಓದಿ ಹೇಳುವ ಅಜ್ಜ ಅಜ್ಜಿಯರೇ,

ಪೋಸ್ಟಾಫೀಸಿನ ಉಳಿತಾಯದ ವಿಷಯ ಈ ವಾರ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಗಲಿ. ಬೇರೊಂದು ಸಂಗತಿ ಮನಸ್ಸಿನಲ್ಲಿ ಬಂದು ಕುಳಿತಿದೆ. ಅದನ್ನು ನಿಮ್ಮ ಮುಂದೆ ಇಡದೆ ಬೇರೆ ಏನು ಬರೆಯಲು ಹೋದರೂ ಪೆನ್ನು ನಿಲ್ಲುತ್ತಿದೆ.

ಮೂರು ತಿಂಗಳಿಂದ ಪ್ರತಿ ಶನಿವಾರ ನಾನು ತುಮಕೂರಿನಲ್ಲಿ ಬೆಳಗಿನ ಬಸ್ಸು ಹತ್ತಿ ತಿಪಟೂರು ಸೀಮೆಯ ಒಂದು ಕಾಲೇಜಿಗೆ ಹೋಗಿ ಬರುತ್ತಿದ್ದೇನೆ. ಓದಲಿಕ್ಕಲ್ಲ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ! ಪಾಠ ಹೇಳಲಿಕ್ಕೆ. ನನ್ನ ಜೊತೆ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದ ಗೆಳೆಯನ ಮಗಳು ಅಲ್ಲಿ ವಾಣಿಜ್ಯಶಾಸ್ತ್ರದ ಅಧ್ಯಾಪಕಿ. "ಅಂಕಲ್, ನಮ್ಮ ಮಕ್ಕಳು ಬ್ಯಾಲೆನ್ಸ್ ಶೀಟ್ ತಾಳೆ ಮಾಡ್ತಾರೆ. ಬ್ಯಾಂಕಿನ ಚಲನ್ ತುಂಬೋಕೆ ಕೊಟ್ಟರೆ ಮಾತ್ರ ಬೆವರ್ತಾರೆ. ನೀವು ಬಂದು ದುಡ್ಡಿನ ವಿಷಯ, ಬದುಕಿನ ವಿಷಯ ಒಂದಿಷ್ಟು ಹೇಳಿ" ಎಂದಳು. ಬದುಕಿನ ವಿಷಯ ಹೇಳುವಷ್ಟು ದೊಡ್ಡವನು ನಾನಲ್ಲ. ಮೂವತ್ತೇಳು ವರ್ಷ ಕೌಂಟರಿನ ಆ ಕಡೆ ಕುಳಿತು ಈ ಕಡೆಯ ಮುಖಗಳನ್ನು ನೋಡಿದವನು, ಅಷ್ಟೆ. ಆದರೂ ವಾರಕ್ಕೊಮ್ಮೆ ಮನೆಯಿಂದ ಹೊರಗೆ ಬಿದ್ದಂತಾಯಿತು ಎಂದು ಒಪ್ಪಿಕೊಂಡೆ.

ಮೊದಲ ದಿನ ಅರವತ್ತು ಜನ ಹುಡುಗ ಹುಡುಗಿಯರಿದ್ದರು, ಎಲ್ಲರೂ ಕೊನೆಯ ವರ್ಷದವರು. ನಾನು ಮೂರು ಪ್ರಶ್ನೆ ಕೇಳಿದೆ. ನಿಮ್ಮ ಖಾತೆಯಲ್ಲಿ ಈಗ ಎಷ್ಟು ಹಣ ಇದೆ? ಹತ್ತು ಸೆಕೆಂಡಿನೊಳಗೆ ಫೋನು ನೋಡಿ ಪೈಸೆ ಸಮೇತ ಹೇಳಿದರು. ನಿಮ್ಮ ಖಾತೆಗೆ ನಾಮಿನಿ ಯಾರು? ಗಪ್‌ಚಿಪ್. ಚೆಕ್ಕಿನ ಆಯುಷ್ಯ ಎಷ್ಟು? ಹಿಂದಿನ ಬೆಂಚಿನ ಒಬ್ಬ ಎದ್ದು, "ಚೆಕ್ ಸಾಯುತ್ತಾ ಸರ್?" ಎಂದ. ಸಾಯುತ್ತಪ್ಪ, ಬರೆದ ದಿನಾಂಕದಿಂದ ಮೂರು ತಿಂಗಳಿಗೆ. 2012ರ ಏಪ್ರಿಲ್‌ಗೆ ಮುಂಚೆ ಆರು ತಿಂಗಳು ಬದುಕುತ್ತಿತ್ತು, ಆಮೇಲೆ ರಿಸರ್ವ್ ಬ್ಯಾಂಕ್ ಅದರ ಆಯುಷ್ಯ ಅರ್ಧ ಮಾಡಿತು ಎಂದೆ. ಎಲ್ಲರೂ ನಕ್ಕರು. ನಾನು ತಂದಿದ್ದ ರದ್ದಾದ ಚೆಕ್ಕೊಂದು ಬೆಂಚಿನಿಂದ ಬೆಂಚಿಗೆ ಹೋಗಿ, ನಮ್ಮ ಕಾಲದಲ್ಲಿ ಮದುವೆ ಫೋಟೋ ಹೋಗುತ್ತಿದ್ದ ಹಾಗೆ, ಮೂಲೆ ಮಡಚಿಕೊಂಡು ವಾಪಸ್ಸು ಬಂತು.

ಅವರನ್ನು ದಡ್ಡರು ಎಂದುಕೊಳ್ಳಬೇಡಿ. ನನ್ನ ವಯಸ್ಸಿನವರಿಗೆ "ಈಗಿನ ಮಕ್ಕಳಿಗೆ ಏನೂ ಗೊತ್ತಿಲ್ಲ" ಎನ್ನುವುದು ಒಂದು ಚಟ. ಯುಪಿಐ ಬಂದದ್ದು 2016ರಲ್ಲಿ, ನಾನು ನಿವೃತ್ತನಾಗಿ ಐದು ವರ್ಷದ ಮೇಲೆ. ನನ್ನ ಫೋನಿನಲ್ಲಿ ಅದನ್ನು ಹಾಕಿಕೊಟ್ಟು ಕಲಿಸಿದವರು ಇದೇ ಮಕ್ಕಳು. ಆ ದಿನ ಒಬ್ಬ ಹುಡುಗಿ ನನಗೆ ಹೇಳಿದ ಮಾತನ್ನು ಅಜ್ಜ ಅಜ್ಜಿಯರು ಬರೆದಿಟ್ಟುಕೊಳ್ಳಬೇಕು: "ತಾತ, ನೀವು ದುಡ್ಡು ಕಳಿಸೋವಾಗ ಮಾತ್ರ ಪಿನ್ ಒತ್ತಬೇಕು. ನಿಮಗೆ ದುಡ್ಡು ಬರೋಕೆ ಪಿನ್ ಬೇಡ. ದುಡ್ಡು ಹಾಕ್ತೀನಿ, ಪಿನ್ ಒತ್ತಿ ಅಂತ ಯಾರಾದರೂ ಅಂದರೆ ಅವನು ಕಳ್ಳ." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಎರಡನೇ ಶನಿವಾರ ಬಡ್ಡಿಯ ಲೆಕ್ಕ. ಹೈಸ್ಕೂಲಿನ ಮಕ್ಕಳೂ ಇದನ್ನು ಮಾಡಬಹುದು, ಪೆನ್ಸಿಲ್ ಹಿಡಿಯಿರಿ. ಒಬ್ಬ ಹುಡುಗ ಅಂಗಡಿಯಲ್ಲಿ 12,000 ರೂಪಾಯಿಯ ಫೋನು ಕಂತಿನ ಮೇಲೆ ತೆಗೆದುಕೊಂಡಿದ್ದ. "ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಬಡ್ಡಿ ಸರ್. ವರ್ಷಕ್ಕೆ ಹನ್ನೆರಡು. ನಮ್ಮೂರಿನ ಕೈಸಾಲಕ್ಕಿಂತ ಎಷ್ಟೋ ವಾಸಿ" ಎಂದ. ಕಂತು ಎಷ್ಟು ಎಂದೆ. ತಿಂಗಳಿಗೆ 1,120 ರೂಪಾಯಿ, ಹನ್ನೆರಡು ತಿಂಗಳು. ಬೋರ್ಡಿನ ಮೇಲೆ ಬರೆದೆವು. 1,120ನ್ನು ಹನ್ನೆರಡರಿಂದ ಗುಣಿಸಿದರೆ 13,440. ಅಂದರೆ ಬಡ್ಡಿ 1,440. ಅವನು ಹೇಳಿದ್ದು ಸರಿಯೇ, 12,000ಕ್ಕೆ ಶೇಕಡ 12.

"ಆದರೆ ಇಡೀ ವರ್ಷ ಹನ್ನೆರಡು ಸಾವಿರ ನಿನ್ನ ಹತ್ತಿರ ಇತ್ತಾ?" ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಮೊದಲ ಕಂತಿನಲ್ಲೇ ಸಾವಿರ ಅಸಲು ಹೋಯಿತಲ್ಲ. ಎರಡನೇ ತಿಂಗಳು ಅವನ ಹತ್ತಿರ ಇದ್ದದ್ದು 11,000, ಮೂರನೇ ತಿಂಗಳು 10,000, ಹೀಗೆ ಕೊನೆಯ ತಿಂಗಳು ಬರೀ 1,000. ಉಳಿದ ಅಸಲಿಗೆ ಮಾತ್ರ ನೂರಕ್ಕೆ ಒಂದರಂತೆ ಬಡ್ಡಿ ಹಾಕಿದ್ದರೆ ಮೊದಲ ತಿಂಗಳು 120, ಆಮೇಲೆ 110, 100, 90 ಎಂದು ಇಳಿದು ಕೊನೆಗೆ 10. ಎಲ್ಲ ಕೂಡಿಸಿ ನೋಡಿ, 780 ಬರುತ್ತದೆ. ಅವನು ಕೊಟ್ಟದ್ದು 1,440. ವರ್ಷದುದ್ದಕ್ಕೂ ಅವನ ಕೈಯಲ್ಲಿ ಸರಾಸರಿ ಇದ್ದ ಸಾಲ 6,500 ಮಾತ್ರ, ಅದಕ್ಕೆ 1,440 ಬಡ್ಡಿ ಎಂದರೆ ನೂರಕ್ಕೆ ಇಪ್ಪತ್ತೆರಡರ ಹತ್ತಿರ. ಹನ್ನೆರಡು ಎಂದು ಹೇಳಿ ಇಪ್ಪತ್ತೆರಡು ತೆಗೆದುಕೊಂಡರು, ಅದೂ ಒಂದೂ ಸುಳ್ಳು ಹೇಳದೆ! ಇದಕ್ಕೆ ಫ್ಲಾಟ್ ರೇಟ್ ಎನ್ನುತ್ತಾರೆ. ಸಾಲ ಕೊಡುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಬಡ್ಡಿ ಮೊದಲಿನ ಸಾಲಕ್ಕಾ, ಉಳಿದ ಸಾಲಕ್ಕಾ?" ಆ ಹುಡುಗ ತನ್ನ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ, ಅದರೊಳಗೆ ಆ 660 ರೂಪಾಯಿ ಎಲ್ಲೋ ಸಿಕ್ಕಿಕೊಂಡಿದೆ ಎನ್ನುವ ಹಾಗೆ.

ಉಳಿತಾಯದ ಪಾಠ ಮಾಡಿದ ದಿನ ಪಿಗ್ಮಿಯ ಕಥೆ ಹೇಳಿದೆ. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಈ ಯೋಜನೆ ತಂದಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಜನರ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಏಜೆಂಟರೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ತೆಗೆದುಕೊಂಡು ಚೀಟಿ ಕೊಟ್ಟು ಬರುತ್ತಿದ್ದರು. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ ಎಷ್ಟಾಯಿತು, ಮಕ್ಕಳೇ ಲೆಕ್ಕ ಹಾಕಿ. 45 ರೂಪಾಯಿ 10 ಆಣೆ. ಆ ಕಾಲಕ್ಕೆ ಅದು ಸಣ್ಣ ಹಣವಲ್ಲ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಪಿಗ್ಮಿ ಎಂಬ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ಉಳಿದಿದೆ. ಟೀ ಬಿಟ್ಟು ದುಡ್ಡು ಉಳಿಸಿ ಎಂದು ನಾನು ಮಾತ್ರ ಹೇಳಲಿಲ್ಲ. ಹಾಗೆ ಉಪದೇಶ ಮಾಡುವವರು ಹಾಸ್ಟೆಲಿನ ಸಂಜೆಗಳನ್ನು ಕಂಡವರಲ್ಲ. ಟೀ ಕುಡಿಯಿರಿ, ಆದರೆ ಯಾರ ಟೀ ದುಡ್ಡು ಯಾರು ಕೊಟ್ಟರು ಎಂದು ರಾತ್ರಿ ಒಂದು ಸಾಲು ಬರೆಯಿರಿ ಎಂದೆ, ಅಷ್ಟೆ. ಹಾಗೆಯೇ ಶಾಲೆಯ ಮಕ್ಕಳಿಗೂ ಒಂದು ಮಾತು. ಹತ್ತು ವರ್ಷ ತುಂಬಿದವರು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು, ಬ್ಯಾಂಕು ಹಾಕುವ ಮಿತಿಯೊಳಗೆ ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಅಜ್ಜನನ್ನು ಕರೆದುಕೊಂಡು ಹೋಗಿ ವಿಚಾರಿಸಿ.

ಇಷ್ಟೆಲ್ಲ ಆದ ಮೇಲೆ ಒಂದು ರಾತ್ರಿ ನನಗೇ ಅನುಮಾನ ಬಂತು. ಇದನ್ನೆಲ್ಲ ತಿಳಿದುಕೊಂಡರೆ ಈ ಮಕ್ಕಳು ಮೋಸ ಹೋಗುವುದಿಲ್ಲವೇ? ನನಗೆ ತಿಳಿದಿರಲಿಲ್ಲವೇ?

ನಾನು ಬಿ.ಕಾಂ. ಮುಗಿಸಿದ್ದು 1972ರಲ್ಲಿ. ವಾಣಿಜ್ಯ ಕಾನೂನು ನನ್ನ ಇಷ್ಟದ ವಿಷಯ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಸೆಕ್ಷನ್ ಈಗಲೂ ಬಾಯಿಗೆ ಬರುತ್ತದೆ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ, ಕರಾರಿನಲ್ಲಿ ಬೇರೆ ಮಾತು ಬರೆದಿದ್ದರೆ ಮಾತ್ರ ಬೇರೆ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವನು ನಾನೇ. ಏಳು ವರ್ಷದ ಮೇಲೆ, 1979ರಲ್ಲಿ, ಟೀ ಕುಡಿಯುತ್ತ ಕುಡಿಯುತ್ತ ಗೆಳೆಯನೊಬ್ಬನ 4,000 ರೂಪಾಯಿ ಸಾಲಕ್ಕೆ ಜಾಮೀನು ಸಹಿ ಹಾಕಿದವನೂ ನಾನೇ. "ಸುಮ್ಮನೆ ಒಂದು ಫಾರ್ಮಾಲಿಟಿ ಕಣಯ್ಯ" ಎಂದ. ನನಗೆ 128ನೇ ಸೆಕ್ಷನ್ ಆ ಕ್ಷಣದಲ್ಲೂ ನೆನಪಿತ್ತು. ಆದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವನ ಮನೆಯ ಹಬ್ಬದೂಟ ಉಂಡಿದ್ದೆನಲ್ಲ.

ವರ್ಷದೊಳಗೆ ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ಉಳಿದಿದ್ದ 3,200 ರೂಪಾಯಿ ನನ್ನ ಸಂಬಳದಿಂದ ತಿಂಗಳಿಗೆ ನೂರು ಚಿಲ್ಲರೆಯಂತೆ ಕಡಿತವಾಗತೊಡಗಿತು. ಕೈಗೆ ಬರುತ್ತಿದ್ದ ಸಂಬಳ ಏಳುನೂರು ಚಿಲ್ಲರೆ. ಮನೆಯಲ್ಲಿ ಹೇಳಲಿಲ್ಲ. ಓವರ್‌ಟೈಮ್ ನಿಲ್ಲಿಸಿದ್ದಾರೆ ಎಂದೆ. ಹಾಲು ಒಂದು ಲೀಟರಿನಿಂದ ಅರ್ಧಕ್ಕೆ ಇಳಿಯಿತು. ಹದಿನಾಲ್ಕು ತಿಂಗಳು ಹಾಗೆ ನಡೆಯಿತು. ಒಂದು ಭಾನುವಾರ ನನ್ನ ಹೆಂಡತಿ ಬಟ್ಟೆ ಒಗೆಯುವಾಗ ಅಂಗಿ ಜೇಬಿನಲ್ಲಿ ಸಂಬಳದ ಚೀಟಿ ಸಿಕ್ಕಿತು. ಅವಳು ಕೂಗಾಡಲಿಲ್ಲ. ಒದ್ದೆ ಕೈಯಲ್ಲೇ ಚೀಟಿ ಹಿಡಿದುಕೊಂಡು ಬಂದು, "ರಾತ್ರಿ ಎಲ್ಲ ನಿದ್ದೆ ಇಲ್ಲದೆ ಹೊರಳಾಡ್ತಾ ಇದ್ದದ್ದು ಇದಕ್ಕಾ? ನಾನು ನಿಮಗೆ ಏನೋ ದೊಡ್ಡ ಕಾಯಿಲೆ ಅಂತ ದೇವರಿಗೆ ಹರಕೆ ಹೊತ್ತಿದ್ದೀನಿ" ಎಂದಳು. ಆಮೇಲೆ ಲೆಕ್ಕ ಅವಳ ಕೈಗೆ ಹೋಯಿತು. ಚಕ್ಕುಲಿ, ನಿಪ್ಪಟ್ಟು ಮಾಡಿ ನಾಲ್ಕು ಮನೆಗೆ ಕೊಟ್ಟು, ಒಂದೂವರೆ ವರ್ಷ ಹಿಡಿಯಬೇಕಾಗಿದ್ದ ಬಾಕಿಯನ್ನು ಹನ್ನೊಂದು ತಿಂಗಳಲ್ಲಿ ತೀರಿಸಿದಳು. ಹರಕೆಯನ್ನೂ ತೀರಿಸಿದಳು, ಹೊತ್ತದ್ದು ಹೊತ್ತದ್ದೇ ಎಂದು.

ನಾಲ್ಕನೇ ಶನಿವಾರ ತರಗತಿಯಲ್ಲಿ ಇದನ್ನು ಇದ್ದ ಹಾಗೆ ಹೇಳಿದೆ. ಬ್ಯಾಂಕಿನ ತಾತ ಸಹಿ ಹಾಕಿ ಸಿಕ್ಕಿಬಿದ್ದ ಕಥೆ ಅವರಿಗೆ ಬಹಳ ಹಿಡಿಸಿತು. ಹೇಳಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ ಒಂದು ಆಟ ಶುರು ಮಾಡಿದೆ. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬ ಕೇಳಬೇಕು: ಜಾಮೀನು ಹಾಕು ಅಂತಲೋ, ನಿನ್ನ ಫೋನಿಗೆ ಬಂದ ಓಟಿಪಿ ಹೇಳು ಅಂತಲೋ, ನಿನ್ನ ಹೆಸರಲ್ಲಿ ಒಂದು ಫೋನು ಕಂತಿಗೆ ತೆಗೆದುಕೊಡು ಅಂತಲೋ. ಇನ್ನೊಬ್ಬ ಇಲ್ಲ ಎನ್ನಬೇಕು. ಜಗಳ ಆಡಬಾರದು, ಸುಳ್ಳು ಹೇಳಬಾರದು.

ಎಷ್ಟು ಕಷ್ಟ ಗೊತ್ತೇ! ಕಟ್ಟುಮಸ್ತಾದ ಕಬಡ್ಡಿ ಆಟಗಾರ ಹುಡುಗನೊಬ್ಬ ಮೂರೇ ನಿಮಿಷದಲ್ಲಿ "ಆಯ್ತು ಬಿಡೋ, ಹಾಕ್ತೀನಿ" ಎಂದುಬಿಟ್ಟ. ಕಾರಣ ಕೊಡಲು ಹೋದವರೆಲ್ಲ ಸೋತರು. ದುಡ್ಡಿಲ್ಲ ಎಂದರೆ ಕೇಳುವವನು "ದುಡ್ಡು ಯಾರು ಕೇಳಿದ್ರು, ಬರೀ ಸಹಿ" ಎನ್ನುತ್ತಾನೆ. ಆಧಾರ್ ಕಾರ್ಡ್ ಊರಲ್ಲಿದೆ ಎಂದರೆ "ನಂಬರು ಸಾಕು" ಎನ್ನುತ್ತಾನೆ. ಪ್ರತಿ ಕಾರಣಕ್ಕೂ ಅವನ ಹತ್ತಿರ ಒಂದು ಬಾಗಿಲು ಇರುತ್ತದೆ. ಕೊನೆಗೆ ಕಿಟಕಿ ಪಕ್ಕದ ಒಬ್ಬ ಹುಡುಗಿ, ಎದುರಿದ್ದವಳು ಏನು ಕೇಳಿದರೂ, ಒಂದೇ ಉತ್ತರ ಹೇಳುತ್ತ ಕುಳಿತಳು: "ನಮ್ಮ ಅಜ್ಜಿಯನ್ನು ಕೇಳಿ ಹೇಳ್ತೀನಿ." ಹತ್ತು ಸಲ ಕೇಳಿದರೂ ಅದೇ. ಕೇಳುವವಳೇ ಸುಸ್ತಾಗಿ ಎದ್ದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆ ಹುಡುಗಿಯ ಅಜ್ಜಿಗೆ ಸಹಿ ಮಾಡಲೂ ಬರುವುದಿಲ್ಲವಂತೆ, ಹೆಬ್ಬೆಟ್ಟು. ಆದರೆ ಇಬ್ಬರು ಮೊಮ್ಮಕ್ಕಳ ಕಾಲೇಜು ಫೀಸು ಎಮ್ಮೆ ಹಾಲಿನಿಂದ ಕಟ್ಟುತ್ತಿರುವವರು ಅವರೇ.

ಒಬ್ಬ ಹುಡುಗ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೂ ಬಾಗಿಲ ಹತ್ತಿರ ನಿಂತಿದ್ದ.

ಅವನ ಸಂಗತಿಯನ್ನು ಅವನದೂ ಅವನ ತಾತನದೂ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ. ಹಾಸ್ಟೆಲಿನ ಹತ್ತಿರದ ಟೀ ಅಂಗಡಿಯಲ್ಲಿ ಪರಿಚಯವಾದವನೊಬ್ಬ, ಒಳ್ಳೆಯ ಬಟ್ಟೆ, ಅಣ್ಣಾ ಅಣ್ಣಾ ಎನ್ನುವ ಮಾತು, ಎರಡು ವಾರ ಇವನ ಟೀ ದುಡ್ಡು ಕೊಟ್ಟ. ಮೂರನೇ ವಾರ ಕೇಳಿದ: "ನಿನ್ನ ಬ್ಯಾಂಕ್ ಖಾತೆ ಖಾಲಿ ತಾನೇ ಇರೋದು? ಒಂದು ತಿಂಗಳು ನನಗೆ ಬಾಡಿಗೆಗೆ ಕೊಡು. ನನ್ನ ವ್ಯಾಪಾರದ ದುಡ್ಡು ಬಂದು ಹೋಗುತ್ತೆ. ನಾಲ್ಕು ಸಾವಿರ ಕೊಡ್ತೀನಿ." ಇವನು ಎಟಿಎಂ ಕಾರ್ಡು, ಅದರ ಪಿನ್ನು, ಖಾತೆಗೆ ಜೋಡಿಸಿದ ಸಿಮ್ಮು ಎಲ್ಲ ಕೊಟ್ಟ. ತನ್ನ ಒಂದು ರೂಪಾಯಿಯೂ ಹೋಗುವುದಿಲ್ಲವಲ್ಲ ಎಂದು ಅವನ ಲೆಕ್ಕ. ಒಂದು ದಿನ ಪಾಸ್‌ಬುಕ್ ಅಚ್ಚು ಹಾಕಿಸಿದರೆ, ಒಂದೇ ಸಂಜೆ 1,80,000 ರೂಪಾಯಿ ಬಂದು ಐದಾರು ತುಂಡಾಗಿ ಹೊರಗೆ ಹೋಗಿತ್ತು. ಆಮೇಲೆ ಖಾತೆಯೇ ಸ್ತಂಭಿಸಿತು. ಟೀ ಅಂಗಡಿಯವನು ಮತ್ತೆ ಕಾಣಲಿಲ್ಲ. ಬೇರೆ ರಾಜ್ಯದ ಪೊಲೀಸರ ದೂರಿನ ಮೇಲೆ ಖಾತೆ ತಡೆಹಿಡಿದಿದ್ದಾರೆ ಎಂದು ಬ್ಯಾಂಕಿನಲ್ಲಿ ಹೇಳಿದರು. ಇವನ ವಿದ್ಯಾರ್ಥಿವೇತನ ಬರುತ್ತಿದ್ದದ್ದೂ ಅದೇ ಖಾತೆಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಎಲ್ಲ ಊರುಗಳಲ್ಲೂ ನಡೆಯುತ್ತಿದೆ. ಫೋನಿನಲ್ಲಿ ಹೆದರಿಸಿ ಯಾರದೋ ದುಡ್ಡು ದೋಚುವ ಕಳ್ಳ ಅದನ್ನು ತನ್ನ ಖಾತೆಗೆ ಹಾಕಿಸಿಕೊಳ್ಳುವಷ್ಟು ಪೆದ್ದನಲ್ಲ. ಏನೂ ಅರಿಯದ ಒಬ್ಬ ವಿದ್ಯಾರ್ಥಿಯ, ಕೂಲಿಯವನ ಖಾತೆಗೆ ಹಾಕಿಸಿ ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ದಾಟಿಸುತ್ತಾನೆ. ಬ್ಯಾಂಕಿನವರು ಇಂಥವನ್ನು ಮ್ಯೂಲ್ ಖಾತೆ ಎನ್ನುತ್ತಾರೆ. ಮ್ಯೂಲ್ ಎಂದರೆ ಹೇಸರಗತ್ತೆ, ಯಾರದೋ ಹೊರೆ ಹೊರುವುದು. ದುಡ್ಡು ಕಳೆದುಕೊಂಡವರು 1930 ಎಂಬ ಸಹಾಯವಾಣಿಗೆ ಬೇಗ ಫೋನು ಮಾಡಿದರೆ, ಹಣ ಹೋದ ದಾರಿಯ ಖಾತೆಗಳನ್ನೆಲ್ಲ ತಡೆಹಿಡಿಯಲು ಆಗುತ್ತದೆ. ಅಜ್ಜ ಅಜ್ಜಿಯರೇ, ಈ ನಾಲ್ಕು ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ದಪ್ಪವಾಗಿ ಬರೆಯಿರಿ. ಕಳೆದುಕೊಂಡದ್ದು ಗೊತ್ತಾದ ಗಳಿಗೆಯಲ್ಲೇ ಮಾಡಬೇಕು, ಮಗ ಸಂಜೆ ಬರಲಿ ಎಂದು ಕಾಯಬಾರದು. ಆದರೆ ಆ ದಾರಿಯಲ್ಲಿ ಸಿಕ್ಕಿಬೀಳುವವನು ಮುಖ ತೋರಿಸದ ಕಳ್ಳನಲ್ಲ. ಹೆಸರು, ವಿಳಾಸ, ಆಧಾರ್ ಎಲ್ಲ ಕೊಟ್ಟು ಖಾತೆ ತೆರೆದ ಈ ಹುಡುಗ.

"ಆ 1,80,000 ಯಾರದ್ದಿರಬಹುದು ಅಂತ ಯೋಚನೆ ಮಾಡಿದ್ಯಾ?" ಎಂದು ಕೇಳಿದೆ. ಅವನು ನೆಲ ನೋಡಿದ. ನನ್ನಂಥ ಯಾವನೋ ಮುದುಕನ ಪಿಂಚಣಿಯ ದುಡ್ಡು ಇದ್ದೀತು. ಸಿಟ್ಟು ಬಂತು ನನಗೆ, ಸುಳ್ಳೇಕೆ ಹೇಳಲಿ. ಆದರೆ ಅವನು, "ನಲವತ್ತು ದಿನ ಆಯ್ತು ತಾತ, ಯಾರಿಗೂ ಹೇಳಿಲ್ಲ. ರಾತ್ರಿ ನಿದ್ದೆ ಬರಲ್ಲ" ಎಂದಾಗ ಅಂಗಿ ಜೇಬಿನ ಸಂಬಳದ ಚೀಟಿ ನೆನಪಾಯಿತು.

"ಮನೆಯಲ್ಲಿ ಯಾರಿದ್ದಾರೆ?" ಎಂದೆ. ತಾತ ಇದ್ದಾರೆ. ಅಪ್ಪ ಇಲ್ಲ, ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ತಾತನಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದು ಅವನ ಹೆದರಿಕೆ. ನಾನೂ ಬರುತ್ತೇನೆ ಎಂದೆ. ಅದೇ ಮಧ್ಯಾಹ್ನ ಇಬ್ಬರೂ ಅವನ ಊರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಒಂದು ಮಾತಿಲ್ಲ.

ಹಳೆಯ ತೊಟ್ಟಿ ಮನೆ. ತಾತ ಅಟ್ಟದ ಏಣಿಯ ಮೇಲಿದ್ದರು. ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗುವ ತನಕ, ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಗಡಗಡ ಎನ್ನಬೇಕು, ಆಗ ಸಿಪ್ಪೆ ಬಿಡಿಸುವುದು. ಹುಡುಗ ಏಣಿಯ ಕೆಳಗೆ ನಿಂತು, ಮೇಲೆ ನೋಡದೆ, ಎಲ್ಲ ಹೇಳಿದ. ಮಧ್ಯೆ ಎರಡು ಸಲ ಗಂಟಲು ಕಟ್ಟಿತು. ತಾತ ಇಳಿದು ಬಂದು ಕೈ ಒರೆಸಿಕೊಂಡು ಅವನನ್ನು ನೋಡಿದರು. ನಾನು ಏಟು ಬೀಳುತ್ತದೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಊಟ ಮಾಡಿದ್ಯಾ?"

ಮಾಡಿರಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು. ನನಗೂ ಬಡಿಸಿದರು. ಊಟವಾದ ಮೇಲೆ ಬೈಗುಳ ಶುರುವಾಯಿತು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಕ್ಕಳ ಪತ್ರಿಕೆ.

ಸೋಮವಾರ ಮೂವರೂ ಬ್ಯಾಂಕಿಗೆ ಹೋದೆವು. ನನ್ನ ಹಳೆಯ ಕಸುಬು ಉಪಯೋಗಕ್ಕೆ ಬಂತು. ಖಾತೆ ತಡೆಹಿಡಿದದ್ದು ಯಾವ ದೂರಿನ ಸಂಖ್ಯೆಯ ಮೇಲೆ, ಯಾವ ಠಾಣೆಯ ಸೂಚನೆಯ ಮೇಲೆ ಎಂದು ಬರಹದಲ್ಲಿ ಕೇಳಿ ಪಡೆದೆವು. ಕಾರ್ಡನ್ನೂ ಸಿಮ್ಮನ್ನೂ ಬಂದ್ ಮಾಡಿಸಿದೆವು. ನಲವತ್ತು ದಿನದ ಹಿಂದೆ ಮೊದಲು ಮಾಡಬೇಕಾಗಿದ್ದ ಕೆಲಸ ಅದು. ಆಮೇಲೆ ಪರಿಚಯದ ವಕೀಲರನ್ನು ಕಂಡು ಅವರನ್ನೂ ಕರೆದುಕೊಂಡು ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಹೋಗಿ, ಹುಡುಗ ನಡೆದದ್ದನ್ನೆಲ್ಲ ತನ್ನ ಕೈಯಾರೆ ಬರೆದುಕೊಟ್ಟ. ನಾಲ್ಕು ಸಾವಿರ ತೆಗೆದುಕೊಂಡದ್ದನ್ನೂ ಬರೆ ಎಂದು ತಾತನೇ ಹೇಳಿದರು. ಹುಡುಗ ಒಂದು ಕ್ಷಣ ತಡೆದು ಅದನ್ನೂ ಬರೆದ.

ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಆದರೆ ಹೋಗಿಲ್ಲ. ಖಾತೆ ಇನ್ನೂ ಹಾಗೇ ಇದೆ, ವಿದ್ಯಾರ್ಥಿವೇತನ ಅದರೊಳಗೆ ಬಂದು ಸಿಕ್ಕಿಕೊಂಡಿದೆ. ಗೊತ್ತಿಲ್ಲದೆ ಮಾಡಿದೆ ಎನ್ನುವ ಮಾತು ಎಷ್ಟು ದೂರ ಬರುತ್ತದೋ ತನಿಖೆ ಮಾಡುವವರೇ ತೀರ್ಮಾನಿಸಬೇಕು. ಕರೆದಾಗಲೆಲ್ಲ ಹೋಗಬೇಕು. ಪರೀಕ್ಷಾ ಶುಲ್ಕ ಕಟ್ಟುವ ದಿನ ಹತ್ತಿರ ಬಂದಾಗ ತಾತ ಅಟ್ಟದ ಕಾಯಿಯನ್ನು ಎರಡು ತಿಂಗಳು ಮುಂಚೆಯೇ ಇಳಿಸಿ, ಕೊಬ್ಬರಿಯಾಗಲು ಬಿಡದೆ, ಸಿಕ್ಕ ಬೆಲೆಗೆ ಕೊಟ್ಟರು. ಎಷ್ಟು ನಷ್ಟ ಆಯಿತು ಎಂದು ಹುಡುಗ ಕೂತು ಲೆಕ್ಕ ಹಾಕಿದ್ದಾನೆ. ತನ್ನ ಪುಸ್ತಕದಲ್ಲಿ ತಾತನ ಹೆಸರು ಬರೆದು ಅದರ ಮುಂದೆ ಆ ಮೊತ್ತ ಬರೆದಿದ್ದಾನೆ. ಬಡ್ಡಿ ಹಾಕಬೇಕೇ ಎಂದು ನನ್ನನ್ನು ಕೇಳಿದ. ತಾತನನ್ನೇ ಕೇಳು ಎಂದೆ.

ಹೋದ ಶನಿವಾರ ತರಗತಿಯಲ್ಲಿ ಮತ್ತೆ ಅದೇ ಆಟ. ಈ ಸಲ ಅವನೇ ಎದ್ದು, "ಕೇಳುವವನ ಪಾತ್ರ ನಾನು ಮಾಡ್ತೀನಿ ತಾತ" ಎಂದ. ನನಗೆ ಸ್ವಲ್ಪ ದಿಗಿಲಾಯಿತು, ಆದರೆ ಬೇಡ ಎನ್ನಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕುಳಿತ ರೀತಿಯೇ ಬೇರೆ. ಅವಸರ ಇಲ್ಲ. ಮೊದಲು ಎದುರಿದ್ದವನ ಊರು ಕೇಳಿದ, ತಂಗಿಯ ಓದು ಕೇಳಿದ, ಪಾಪ ನಿನಗೆ ಎಷ್ಟು ಕಷ್ಟ ಎಂದ. ಖಾತೆಯ ಮಾತು ಬಂದದ್ದು ಎಲ್ಲಕ್ಕಿಂತ ಕೊನೆಗೆ, ಅದೂ ತಾನೇ ಉಪಕಾರ ಮಾಡುತ್ತಿರುವ ಹಾಗೆ. ಸಾಲಾಗಿ ಮೂರು ಜನ ಒಪ್ಪಿಕೊಂಡುಬಿಟ್ಟರು, ಆಟ ಎಂದು ಗೊತ್ತಿದ್ದೂ. ಇವನಿಗೆ ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ ಎಂದು ಯಾರೋ ನಗಲು ಹೋಗಿ, ಅವನ ಮುಖ ನೋಡಿ ಸುಮ್ಮನಾದರು.

ಕೊನೆಗೆ ಕಿಟಕಿ ಪಕ್ಕದ ಹುಡುಗಿಯ ಸರದಿ. ಅವಳು ಎಂದಿನಂತೆ, "ನಮ್ಮ ಅಜ್ಜಿಯನ್ನು ಕೇಳಿ ಹೇಳ್ತೀನಿ" ಎಂದಳು.

"ಅಜ್ಜಿಗೆ ಇವೆಲ್ಲ ಎಲ್ಲಿ ಅರ್ಥ ಆಗುತ್ತೆ? ಹೇಳಿದರೆ ಸುಮ್ಮನೆ ಗಾಬರಿ ಬೀಳ್ತಾರೆ. ವಯಸ್ಸಾದವರಿಗೆ ಯಾಕೆ ತೊಂದರೆ ಕೊಡ್ತೀಯಾ?" ಎಂದ, ಬಹಳ ಮೆತ್ತಗೆ. ಟೀ ಅಂಗಡಿಯವನು ಅವನಿಗೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ಇದೇ ಮಾತು. ನನಗೊಬ್ಬನಿಗೇ ಅದು ಗೊತ್ತಿತ್ತು.

ತರಗತಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹೇಳಿದಳು: "ಹಾಗಾದರೆ ಅರ್ಥ ಆಗೋ ಹಾಗೆ ನೀನೇ ಬಂದು ನಮ್ಮಜ್ಜಿಗೆ ಹೇಳು. ಬಾ, ಐದೂವರೆಗೆ ಹಾಲು ಕರೀತಾ ಕೊಟ್ಟಿಗೆಯಲ್ಲಿ ಇರ್ತಾರೆ."

ಅವನ ಬಾಯಿಗೆ ಉತ್ತರ ಬರಲಿಲ್ಲ. ಬಾಯಿ ತೆರೆದವನು ಹಾಗೇ ನಕ್ಕುಬಿಟ್ಟ. ಇಷ್ಟು ವಾರದಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಲಾಟೆಯಲ್ಲಿ ನನ್ನ ಒಂದು ಗಂಟೆಯ ಬಸ್ಸು ತಪ್ಪಿತು.

ಮುಂದಿನ ವಾರ ಖಂಡಿತ ಪೋಸ್ಟಾಫೀಸು.